ಬಣ್ಣ ಹಚ್ಚಿದ ಮಾಲೀಕರು: ಕನ್ನಡ ನಾಟಕ ಕಂಪನಿಗಳ ಕಲೆ ಮತ್ತು ಲೆಕ್ಕ

ನಾಟಕವನ್ನೇ ಹೊಟ್ಟೆಪಾಡು ಮಾಡಿಕೊಂಡು, ಊರೂರು ತಿರುಗಿ, ಟಿಕೆಟ್ ಮಾರಿ ಬದುಕಿದ ತಂಡಗಳನ್ನು ನಾವು ‘ನಾಟಕ ಕಂಪನಿ’ ಎನ್ನುತ್ತೇವೆ. ವಿಮರ್ಶಕರು ಇದನ್ನು ವೃತ್ತಿ ರಂಗಭೂಮಿ ಎಂದು ಕರೆದಿದ್ದಾರೆ. ಸುಮಾರು ಒಂದೂವರೆ ಶತಮಾನದ ಇತಿಹಾಸವಿರುವ ಈ ಕಂಪನಿಗಳಲ್ಲಿ ಹೆಚ್ಚಿನವು ಒಬ್ಬ ಮಾಲೀಕನ ಅಥವಾ ಒಂದು ಮನೆತನದ ಸಣ್ಣ ವ್ಯವಹಾರಗಳು. ಮಾಲೀಕ ಸಾಮಾನ್ಯವಾಗಿ ತಾನೇ ನಟ, ಎಷ್ಟೋ ಸಲ ತಾನೇ ನಾಟಕಕಾರ. ಸಂಜೆ ಗಲ್ಲಾದ ಲೆಕ್ಕ ನೋಡಿ, ರಾತ್ರಿ ಕಿರೀಟ ಧರಿಸಿ, ಬೆಳಗಾದರೆ ಲಾರಿ ಬಾಡಿಗೆಯ ಚೌಕಾಸಿಗೆ ಕೂರುವವನು ಅವನು. ‘ಕಂಪನಿ ನಾಟಕದ ಹಾಗಿದೆ’ ಎನ್ನುವುದನ್ನು ಬೈಗುಳದಂತೆ ಬಳಸುವುದು ಓದಿಕೊಂಡವರಲ್ಲಿ ರೂಢಿಯಾಗಿದೆ. ಅದು ಅನ್ಯಾಯದ ರೂಢಿ. ಆ ನಾಟಕಗಳು ಹಾಗೇಕೆ ಇದ್ದವು ಎಂಬುದು ಅವುಗಳ ಖರ್ಚುವೆಚ್ಚ ತಿಳಿದವರಿಗೆ ಮಾತ್ರ ಪೂರ್ತಿ ಅರ್ಥವಾಗುತ್ತದೆ.

ಹುಟ್ಟಿದ ಬಗೆ

ಉತ್ತರ ಕನ್ನಡದ ಹೊನ್ನಾವರದ ಬಳಿಯ ಕರ್ಕಿಯ ಭಾಗವತ ಮೇಳವೊಂದು 1842ರಲ್ಲಿ ಸಾಂಗ್ಲಿಯ ಆಸ್ಥಾನದಲ್ಲಿ ಆಟ ಆಡಿತು. ಅದನ್ನು ನೋಡಿದ ಸಾಂಗ್ಲಿಯ ದೊರೆ ಮರಾಠಿಯಲ್ಲೂ ಇಂಥದ್ದು ಬೇಕೆಂದು ವಿಷ್ಣುದಾಸ ಭಾವೆಯವರಿಗೆ ಹೇಳಿದರು. 1843ರಲ್ಲಿ ‘ಸೀತಾ ಸ್ವಯಂವರ’ ರಂಗಕ್ಕೆ ಬಂತು. ಮರಾಠಿ ರಂಗಭೂಮಿಯ ಆರಂಭವನ್ನು ಅಲ್ಲಿಂದಲೇ ಎಣಿಸುತ್ತಾರೆ. 1880ರಲ್ಲಿ ಪುಣೆಯಲ್ಲಿ ‘ಸಂಗೀತ ಶಾಕುಂತಲ’ ಆಡಿಸಿ ಸಂಗೀತ ನಾಟಕದ ಅಲೆ ಎಬ್ಬಿಸಿದ ಅಣ್ಣಾಸಾಹೇಬ ಕಿರ್ಲೋಸ್ಕರರೂ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನವರೇ. ಕನ್ನಡ ನೆಲದಿಂದ ಹೋದ ಬೀಜ ಮರಾಠಿಯಲ್ಲಿ ಬೆಳೆದು, ಟಿಕೆಟ್ ಮಾರುವ ಕಂಪನಿಯಾಗಿ ಹುಬ್ಬಳ್ಳಿ-ಧಾರವಾಡಕ್ಕೆ ಹಿಂದಿರುಗಿತು. ಜತೆಗೆ ಪಾರ್ಸಿ ಕಂಪನಿಗಳೂ ಬಂದವು. ಬಣ್ಣದ ಪರದೆ, ಟ್ರಿಕ್ ಸೀನು, ಥಳಕಿನ ಪೋಷಾಕು ಅವುಗಳ ಬಂಡವಾಳ.

ಊರಿನ ದುಡ್ಡೆಲ್ಲ ಪರಭಾಷೆಯ ಗಲ್ಲಾಕ್ಕೆ ಹೋಗುತ್ತಿದ್ದುದನ್ನು ಕಂಡು ಕನ್ನಡದ ಶಾಲಾ ಮಾಸ್ತರರೊಬ್ಬರು ಎದ್ದು ನಿಂತರು. ಶಾಂತಕವಿ ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ಸಕ್ಕರಿ ಬಾಳಾಚಾರ್ಯರು 1870ರ ದಶಕದಲ್ಲಿ ಗದುಗಿನ ವೀರನಾರಾಯಣನ ಹೆಸರಿನಲ್ಲಿ ಕಟ್ಟಿದ ಮಂಡಳಿ ಕನ್ನಡದ ಮೊದಲ ವೃತ್ತಿ ಕಂಪನಿಗಳಲ್ಲಿ ಒಂದು. ದಕ್ಷಿಣದಲ್ಲಿ ದಾರಿ ಬೇರೆಯಿತ್ತು. ಮೈಸೂರಿನಲ್ಲಿ ಚಾಮರಾಜೇಂದ್ರ ಒಡೆಯರ ಆಶ್ರಯದಲ್ಲಿ ಅರಮನೆಯ ನಾಟಕ ಸಭೆ ನಡೆಯಿತು. ಬಸವಪ್ಪ ಶಾಸ್ತ್ರಿಗಳ ‘ಶಾಕುಂತಲ’ ಅದಕ್ಕಾಗಿ ಕನ್ನಡಕ್ಕೆ ಬಂತು. ಅರಮನೆಯ ನಟನಿಗೆ ಸಂಬಳದ ಚಿಂತೆಯಿರಲಿಲ್ಲ, ಹಾಗೆಯೇ ಜನ ಬಂದರೋ ಇಲ್ಲವೋ ಎಂಬ ತಲೆಬಿಸಿಯೂ ಇರಲಿಲ್ಲ. ಗದಗ, ಗುಬ್ಬಿ, ಕೊಣ್ಣೂರಿನಂಥ ಊರುಗಳ ಹೆಸರಿನಲ್ಲಿ ಹೊರಟ ಕಂಪನಿಗಳಿಗೆ ಮಾತ್ರ ಟಿಕೆಟೇ ಅನ್ನ.

ಮಾಲೀಕನೇ ನಾಯಕನಟ

ಕಂಪನಿಯಲ್ಲಿ ಎಲ್ಲರಿಗಿಂತ ಹೆಚ್ಚು ಪಗಾರ ಬೇಡುವವನು ನಾಯಕ ಪಾತ್ರದವನು. ಹೆಸರಾದ ಮೇಲೆ ಅವನು ಬೇರೆ ಕಂಪನಿಗೆ ಹೋಗಬಹುದು, ಸ್ವಂತ ಕಂಪನಿ ಕಟ್ಟಬಹುದು. ಆ ಪಾತ್ರವನ್ನು ಮಾಲೀಕನೇ ಕಟ್ಟಿಕೊಂಡರೆ ಎರಡೂ ಭಯ ಇಲ್ಲ. ಆದ್ದರಿಂದಲೇ ಮೈಸೂರಿನ ಎ.ವಿ. ವರದಾಚಾರ್ಯರ ರತ್ನಾವಳಿ ಕಂಪನಿಯಿಂದ ಹಿಡಿದು ಏಣಗಿ ಬಾಳಪ್ಪನವರ ಕಲಾವೈಭವ ನಾಟ್ಯ ಸಂಘದವರೆಗೆ ಜನ ನೋಡಲು ಬಂದದ್ದು ಕಂಪನಿಯ ಹೆಸರಿಗಿಂತ ಮಾಲೀಕನ ಪಾತ್ರವನ್ನು. ಗದುಗಿನ ಗರೂಡ ಸದಾಶಿವರಾಯರು ನಟ, ನಾಟಕಕಾರ, ಮಾಲೀಕ ಮೂರೂ ಆಗಿದ್ದರು. ‘ಎಚ್ಚಮ ನಾಯಕ’, ‘ಪಾದುಕಾ ಪಟ್ಟಾಭಿಷೇಕ’ ಅವರ ದತ್ತಾತ್ರೇಯ ಮಂಡಳಿಯ ಹೆಸರನ್ನು ಉತ್ತರ ಕರ್ನಾಟಕದ ತುಂಬ ಹಬ್ಬಿಸಿದವು.

ಈ ಏರ್ಪಾಡಿನ ಅಪಾಯವೂ ದೊಡ್ಡದೇ. ಮಾಲೀಕನ ಗಂಟಲು ಕಟ್ಟಿದ ರಾತ್ರಿ ಐವತ್ತು ಅರವತ್ತು ಜನರ ಊಟಕ್ಕೆ ಕುತ್ತು. ವಯಸ್ಸಾದರೂ ತರುಣನ ಪಾತ್ರ ಬಿಡಲಾಗದ ಕಷ್ಟ ಇನ್ನೊಂದು ಕಡೆ. ಮಗನೋ ಅಳಿಯನೋ ಪಾತ್ರಕ್ಕೆ ಸಿದ್ಧನಾಗದಿದ್ದರೆ ಒಂದೇ ತಲೆಮಾರಿಗೆ ಕಂಪನಿ ಮುಚ್ಚುತ್ತಿತ್ತು, ಹಾಗೆ ಮುಚ್ಚಿದವು ಲೆಕ್ಕವಿಲ್ಲದಷ್ಟಿವೆ.

ಬಾಳಪ್ಪನವರನ್ನು ಇಲ್ಲಿ ಸ್ವಲ್ಪ ನಿಂತು ನೋಡಬೇಕು. 1914ರಲ್ಲಿ ಬೆಳಗಾವಿ ಜಿಲ್ಲೆಯ ಏಣಗಿಯಲ್ಲಿ ಹುಟ್ಟಿದ ಅವರು ನೂರು ದಾಟಿ ಬದುಕಿ 2017ರಲ್ಲಿ ತೀರಿಕೊಂಡರು. ಮೊದಲು ಸ್ತ್ರೀಪಾತ್ರಗಳಿಂದ ಹೆಸರು ಪಡೆದು, ‘ಜಗಜ್ಯೋತಿ ಬಸವೇಶ್ವರ’ದಲ್ಲಿ ಬಸವಣ್ಣನ ಪಾತ್ರದಿಂದ ಮನೆಮಾತಾದರು. ವೇಷದಲ್ಲಿದ್ದ ಅವರ ಕಾಲಿಗೆ ಪ್ರೇಕ್ಷಕರು ಬಂದು ಬೀಳುತ್ತಿದ್ದರು. ಅಂಥ ಗೌರವವನ್ನು ಕಾಪಾಡಿಕೊಳ್ಳುವುದು ಮಾಲೀಕನಿಗೆ ವ್ಯವಹಾರದ ಜವಾಬ್ದಾರಿಯೂ ಹೌದು. ಬಸವಣ್ಣನಾಗಿ ಕಂಡವನು ಅಂಗಡಿಯ ಬಾಕಿ ತೀರಿಸದೆ ಊರು ಬಿಟ್ಟರೆ ಮುಂದಿನ ವರ್ಷ ಆ ಊರಿನಲ್ಲಿ ಕ್ಯಾಂಪು ಹೂಡುವ ಹಾಗಿಲ್ಲ.

ಗುಬ್ಬಿ ವೀರಣ್ಣ

ಈ ವ್ಯವಹಾರ ಎಷ್ಟು ದೊಡ್ಡದಾಗಬಲ್ಲದು ಎಂದು ತೋರಿಸಿದವರು ಗುಬ್ಬಿ ವೀರಣ್ಣ. ತುಮಕೂರು ಜಿಲ್ಲೆಯ ಗುಬ್ಬಿಯಲ್ಲಿ 1884ರಲ್ಲಿ ಹುಟ್ಟಿದ ಚನ್ನಬಸವೇಶ್ವರ ನಾಟಕ ಸಂಘವನ್ನು ಅವರು ಬಾಲನಟನಾಗಿ ಸೇರಿದರು, ಮುಂದೆ ಅದರ ಮಾಲೀಕರಾದರು. ಅವರು ಹೆಸರು ಮಾಡಿದ್ದು ರಾಜಪಾರ್ಟಿನಲ್ಲಿ ಅಲ್ಲ, ಹಾಸ್ಯದಲ್ಲಿ. ‘ಸದಾರಮೆ’ಯ ಕಳ್ಳನ ಪಾತ್ರದಲ್ಲಿ. ಗಂಭೀರ ಪಾತ್ರಗಳನ್ನು ಒಳ್ಳೆಯ ಕಂಠವಿದ್ದ ಇತರರಿಗೆ ಬಿಟ್ಟುಕೊಟ್ಟು ತನಗೆ ಒಪ್ಪುವುದನ್ನಷ್ಟೇ ಇಟ್ಟುಕೊಂಡದ್ದು ಮಾಲೀಕನೊಬ್ಬನಿಂದ ಸುಲಭವಾಗಿ ಆಗುವ ಕೆಲಸವಲ್ಲ.

ಬಂದ ಲಾಭವನ್ನು ವೀರಣ್ಣ ರಂಗಕ್ಕೇ ಸುರಿದರು. ಬಿ. ಪುಟ್ಟಸ್ವಾಮಯ್ಯನವರು ಬರೆದ ‘ಕುರುಕ್ಷೇತ್ರ’ದಲ್ಲಿ ರಂಗದ ಮೇಲೆ ನಿಜವಾದ ಆನೆ ಕುದುರೆಗಳು ಬಂದವು. ಆನೆ ಸಾಕುವ ಖರ್ಚನ್ನು ಟಿಕೆಟ್ಟಿನಿಂದ ಎತ್ತಬೇಕೆಂದರೆ ಅದೆಷ್ಟು ಜನ ಬರಬೇಕು ಎಂದು ಲೆಕ್ಕ ಹಾಕದೆ ಅವರು ಆ ಧೈರ್ಯ ಮಾಡಿರಲಾರರು. ತಮಿಳು, ತೆಲುಗು ಸೀಮೆಗಳಿಗೂ ಕಂಪನಿ ಹೋಯಿತು. ಸಿನಿಮಾ ಬಂದಾಗ ಅದನ್ನು ಶಪಿಸುತ್ತ ಕೂರದೆ ಮೂಕಿ ಚಿತ್ರಗಳ ಕಾಲದಲ್ಲೇ ಅದರಲ್ಲಿ ಹಣ ಹೂಡಿದರು, ಚಿತ್ರಮಂದಿರ ಕಟ್ಟಿಸಿದರು. ರಾಜ್‌ಕುಮಾರ್ ನಾಯಕರಾದ ಮೊದಲ ಚಿತ್ರ ‘ಬೇಡರ ಕಣ್ಣಪ್ಪ’ (1954) ಹೊರಬಂದದ್ದು ಗುಬ್ಬಿಯ ಸಂಸ್ಥೆಯಿಂದಲೇ. ರಾಜ್‌ಕುಮಾರ್, ಬಾಲಕೃಷ್ಣ, ನರಸಿಂಹರಾಜು, ಜಿ.ವಿ. ಅಯ್ಯರ್ ಎಲ್ಲರೂ ಆ ಕಂಪನಿಯ ಅನ್ನ ಉಂಡವರು. ಹುಡುಗನಾಗಿ ಕಂಪನಿ ಸೇರಿದ ಬಿ.ವಿ. ಕಾರಂತರನ್ನು ಓದಲೆಂದು ಕಾಶಿಗೆ ಕಳಿಸಿದವರೂ ವೀರಣ್ಣ. ಹವ್ಯಾಸಿ ರಂಗಭೂಮಿಯ ದೊಡ್ಡ ನಿರ್ದೇಶಕರೊಬ್ಬರ ಓದಿನ ಖರ್ಚು ಕಂಪನಿಯ ಗಲ್ಲಾದಿಂದ ಬಂತೆಂಬುದನ್ನು ಕಂಪನಿಗಳನ್ನು ಹಗುರವಾಗಿ ಕಾಣುವವರು ನೆನಪಿಡಬೇಕು. 1972ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷ ವೀರಣ್ಣ ತೀರಿಕೊಂಡರು.

ಕ್ಯಾಂಪು

ಕಂಪನಿಯ ವರ್ಷ ಕ್ಯಾಂಪುಗಳಲ್ಲಿ ಕಳೆಯುತ್ತದೆ. ಒಂದು ಊರಿನಲ್ಲಿ ಎಷ್ಟು ದಿನ ಇರಬೇಕೆಂಬುದೇ ಮಾಲೀಕನ ಮೊದಲ ತೀರ್ಮಾನ. ಮೈದಾನದ ಬಾಡಿಗೆ, ಲೈಸೆನ್ಸು, ತಾತ್ಕಾಲಿಕ ಕರೆಂಟು, ಕಂಬ ನೆಟ್ಟು ತಗಡು ಹೊದಿಸುವ ಕೂಲಿ ಇವೆಲ್ಲ ಮೊದಲ ಟಿಕೆಟ್ ಮಾರುವ ಮುಂಚೆಯೇ ಕೈಬಿಡುವ ದುಡ್ಡು. ಎರಡೇ ದಿನಕ್ಕೆ ಕ್ಯಾಂಪು ಎತ್ತಿದರೆ ಅದು ಹುಟ್ಟುವುದಿಲ್ಲ. ತೀರಾ ಹೆಚ್ಚು ದಿನ ಉಳಿದರೆ ನೋಡಿದವರೇ ನೋಡಬೇಕು. ಆದ್ದರಿಂದ ಕಂಪನಿಯ ಪೆಟ್ಟಿಗೆಯಲ್ಲಿ ಯಾವಾಗಲೂ ಹಲವು ನಾಟಕಗಳು ತಯಾರಿರಬೇಕು: ಒಂದು ಪೌರಾಣಿಕ, ಒಂದು ಭಕ್ತಿಪ್ರಧಾನ, ಒಂದೆರಡು ಸಾಮಾಜಿಕ. ಒಂದರ ಕಲೆಕ್ಷನ್ ಇಳಿಯುತ್ತಿದ್ದಂತೆ ಊರಿನ ತುಂಬ ಇನ್ನೊಂದರ ಹ್ಯಾಂಡ್‌ಬಿಲ್ ಹಂಚಿಸಿ, ಮೈಕು ಕಟ್ಟಿದ ಗಾಡಿಯಲ್ಲಿ ಕೂಗಿಸುವುದು. ಹೊಸ ಊರಿನಲ್ಲಿ ಮೊದಲ ರಾತ್ರಿ ಯಾವುದನ್ನು ಆಡಬೇಕು ಎಂಬುದನ್ನು ಆ ಊರಿನ ಹಿರಿಯರನ್ನು, ಹೋಟೆಲಿನವರನ್ನು ಮಾತಾಡಿಸಿ ತಿಳಿಯುತ್ತಿದ್ದರು.

ಜಾತ್ರೆ ಎಂದರೆ ಸುಗ್ಗಿ. ಬಾದಾಮಿಯ ಬಳಿಯ ಬನಶಂಕರಿ ಜಾತ್ರೆಗೆ ಬನದ ಹುಣ್ಣಿಮೆಯ ಹೊತ್ತಿಗೆ ಹಲವು ಕಂಪನಿಗಳು ಒಟ್ಟಿಗೆ ಬಂದು ಥಿಯೇಟರು ಹಾಕುತ್ತವೆ, ತಿಂಗಳುಗಟ್ಟಲೆ ಉಳಿಯುತ್ತವೆ. ಒಂದೇ ದಿನ ಎರಡು ಮೂರು ಆಟ ಆಡಿದ ಕಲಾವಿದರು ಬಣ್ಣ ತೊಳೆಯದೆ ಅಲ್ಲೇ ಒರಗುತ್ತಾರೆ. ಎರಡು ವರ್ಷಕ್ಕೊಮ್ಮೆ ಬರುವ ಶಿರಸಿಯ ಮಾರಿಕಾಂಬಾ ಜಾತ್ರೆಯೂ ಹಾಗೆಯೇ. ಅಲ್ಲಿ ಪಕ್ಕದ ಥಿಯೇಟರಿನ ಮೈಕಿನ ಜತೆ ಪೈಪೋಟಿ, ಎದುರಿನ ತೊಟ್ಟಿಲು-ಸರ್ಕಸ್ಸಿನ ಜತೆ ಪೈಪೋಟಿ. ಹಳ್ಳಿಯಿಂದ ಬಂದ ಕುಟುಂಬಕ್ಕೆ ರಾತ್ರಿಯ ಆಟವೆಂದರೆ ಬೆಳಗಿನ ಮೊದಲ ಬಸ್ಸಿನವರೆಗೆ ನೆರಳೂ ಆಯಿತು, ನಾಟಕವೂ ಆಯಿತು. ನಾಟಕದ ಉದ್ದವನ್ನು ‘ಅತಿಯಾಯಿತು’ ಎನ್ನುವವರು ಈ ಬಸ್ಸನ್ನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ಜಾತ್ರೆಯಲ್ಲಿ ಗಳಿಸಿದ್ದರಲ್ಲಿ ಮಳೆಗಾಲ ದಾಟಬೇಕು. ಮಳೆ ಹಿಡಿದರೆ ತಗಡಿನ ಸದ್ದಿಗೆ ಮಾತು ಕೇಳುವುದಿಲ್ಲ, ರೈತ ಹೊಲ ಬಿಟ್ಟು ಬರುವುದಿಲ್ಲ.

ಪರದೆ ಮತ್ತು ಹಾಸ್ಯ

ಖರ್ಚಿನ ಲೆಕ್ಕ ನಾಟಕದ ರಚನೆಯನ್ನೇ ಹೇಗೆ ರೂಪಿಸಿತು ಎಂಬುದಕ್ಕೆ ಪರದೆಗಿಂತ ಒಳ್ಳೆಯ ಉದಾಹರಣೆ ಇಲ್ಲ. ಕಂಪನಿಯ ರಂಗದಲ್ಲಿ ಒಂದರ ಹಿಂದೆ ಒಂದು ಪರದೆಗಳು ತೂಗುತ್ತವೆ: ದರ್ಬಾರು, ಅಂತಃಪುರ, ಕಾಡು, ಜೈಲು, ಮತ್ತು ಎಲ್ಲಕ್ಕೂ ಮುಂದೆ ರಸ್ತೆ. ದರ್ಬಾರಿನ ಸಿಂಹಾಸನ, ಕಂಬ, ಮೆಟ್ಟಿಲುಗಳನ್ನು ತೆಗೆದು ಅಲ್ಲಿ ಕಾಡು ನಿಲ್ಲಿಸಲು ಹೊತ್ತು ಬೇಕು. ಅಷ್ಟು ಹೊತ್ತು ರಂಗ ಖಾಲಿ ಬಿಟ್ಟರೆ ನೆಲದ ಟಿಕೆಟ್ಟಿನವರು ಶಿಳ್ಳೆ ಹಾಕುತ್ತಾರೆ. ಆಗ ರಸ್ತೆ ಪರದೆ ಇಳಿಯುತ್ತದೆ. ಅದರ ಮುಂದೆ, ರಂಗದ ಅಂಚಿನ ಆ ನಾಲ್ಕು ಅಡಿ ಜಾಗದಲ್ಲಿ, ಸೇವಕ-ಸೇವಕಿಯರು ಬಂದು ಹಾಸ್ಯ ಮಾಡುತ್ತಾರೆ, ಒಂದು ಹಾಡು ಹಾಡುತ್ತಾರೆ. ಹಿಂದಿನಿಂದ ಸುತ್ತಿಗೆಯ ಸದ್ದು ಕೇಳಿದರೆ ಹಾಸ್ಯದವನು ದನಿ ಏರಿಸುತ್ತಾನೆ. ಸೀನು ಸಿದ್ಧವಾಯಿತೆಂದು ವಿಂಗಿನಿಂದ ಸನ್ನೆ ಬಂದ ಮೇಲೆ ಮಾತು ಮುಗಿಸುತ್ತಾನೆ, ಅಲ್ಲಿಯವರೆಗೆ ಬೆಳೆಸುತ್ತಾನೆ. ಬರೆದದ್ದು ಹತ್ತು ಸಾಲಿದ್ದರೂ ರಂಗದಲ್ಲಿ ಕಾಲು ಗಂಟೆ ಆಗಬಹುದು.

ಗಂಭೀರ ಕಥೆಯ ನಡುವೆ ಸಂಬಂಧವಿಲ್ಲದ ಹಾಸ್ಯ ತುರುಕಿದ್ದಾರೆ ಎಂಬ ಟೀಕೆ ಹಳೆಯದು. ಹಲವು ನಾಟಕಗಳ ಮಟ್ಟಿಗೆ ಅದು ನಿಜ. ಆದರೆ ಈ ಬಿಡುವಿನಲ್ಲೇ ಕನ್ನಡದ ದೊಡ್ಡ ಹಾಸ್ಯನಟರು ಬೆಳೆದರು. ಎದುರಿಗೆ ಕುಳಿತವರ ನಾಡಿ ಹಿಡಿದು ಮಾತು ಹಿಗ್ಗಿಸುವ, ಕುಗ್ಗಿಸುವ ಕಸುಬು ಯಾವ ಶಾಲೆಯಲ್ಲೂ ಇಷ್ಟು ಚೆನ್ನಾಗಿ ಕಲಿಯಲು ಸಿಗುತ್ತಿರಲಿಲ್ಲ. ಮಾಸ್ಟರ್ ಹಿರಣ್ಣಯ್ಯ ಅದನ್ನೇ ಇಡೀ ನಾಟಕ ಮಾಡಿದರು. ಅವರ ‘ಲಂಚಾವತಾರ’ ಸಾವಿರಾರು ಪ್ರಯೋಗ ಕಂಡಿತು, ಮತ್ತು ಅಂದಿನ ಪತ್ರಿಕೆಯ ಸುದ್ದಿ ಅಂದಿನ ರಾತ್ರಿಯ ಸಂಭಾಷಣೆಯಾಗುತ್ತಿತ್ತು. ಹೀಗೆ ಒಂದೇ ನಾಟಕದ ಬಂಡವಾಳ ಹಳತಾಗದೆ ದಶಕಗಟ್ಟಲೆ ದುಡಿಯಿತು. ನೋಡಿದವರು ಮತ್ತೆ ಬಂದದ್ದು ಹೊಸದೇನು ಹೇಳುತ್ತಾರೆಂದು ಕೇಳಲು.

ಹಾಡಿನ ಕಥೆಯೂ ಇಂಥದ್ದೇ. ಪ್ರೇಕ್ಷಕರು ‘ಒನ್ಸ್ ಮೋರ್’ ಕೂಗಿದರೆ ಸತ್ತು ಬಿದ್ದ ಪಾತ್ರವೂ ಎದ್ದು ಮತ್ತೆ ಹಾಡಬೇಕಾಗುತ್ತಿತ್ತು. ಕಥೆಯ ಓಟಕ್ಕೆ ಅದು ಪೆಟ್ಟು, ನಿಜ. ಟಿಕೆಟ್ ಕೊಂಡವನ ಕೂಗಿಗೆ ಇಲ್ಲವೆನ್ನುವ ಅನುಕೂಲ ಕಂಪನಿಗೆ ಇರಲಿಲ್ಲ.

ಕಂಪನಿ ಕವಿ

ದೊಡ್ಡ ಕಂಪನಿಗಳಲ್ಲಿ ಸಂಬಳ ಪಡೆದು ಜತೆಗೇ ತಿರುಗುವ ನಾಟಕಕಾರನಿರುತ್ತಿದ್ದ. ಅವನಿಗೆ ಕಂಪನಿ ಕವಿ ಎಂದೇ ಹೆಸರು. ಅವನು ಬರೆಯುವುದು ಕೈಯಲ್ಲಿರುವ ಆಳು ನೋಡಿ. ಒಳ್ಳೆಯ ಹಾಡುಗಾರ ಬಂದರೆ ಅವನಿಗೆ ಎರಡು ಹಾಡು ಹೆಚ್ಚು. ಮುಖ್ಯ ನಟಿ ಬಿಟ್ಟು ಹೋದರೆ ಪಾತ್ರ ಮೊಟಕು. ಹೊಸದಾಗಿ ಬರೆಸಿದ ಪರದೆಯೊಂದು ಇದ್ದರೆ ಅದಕ್ಕೊಂದು ಸೀನು. ನಾಟಕದ ಕೈಬರಹದ ಪ್ರತಿ ಕಂಪನಿಯ ಆಸ್ತಿ, ಪ್ರಾಂಪ್ಟರನ ಕೈ ಬಿಟ್ಟರೆ ಮಾಲೀಕನ ಪೆಟ್ಟಿಗೆಯಲ್ಲಿ ಬೀಗದೊಳಗೆ. ಪ್ರತಿ ಕಳುವಾದರೆ ಎದುರಾಳಿ ಕಂಪನಿ ಅದೇ ನಾಟಕವನ್ನು ಬೇರೆ ಹೆಸರಿನಲ್ಲಿ ಆಡುವ ಭಯವಿತ್ತು.

ಇಷ್ಟೆಲ್ಲ ಕಟ್ಟುಪಾಡಿನ ನಡುವೆ ಬಂದ ಬರವಣಿಗೆಯನ್ನು ಕೀಳೆನ್ನುವವರು ಕಂದಗಲ್ ಹನುಮಂತರಾಯರ ‘ರಕ್ತರಾತ್ರಿ’ಯನ್ನು ಒಮ್ಮೆ ಗಟ್ಟಿಯಾಗಿ ಓದಿ ನೋಡಬೇಕು. ಮೈಕಿಲ್ಲದ ಥಿಯೇಟರಿನ ಹಿಂದಿನ ಸಾಲಿಗೂ ಮುಟ್ಟುವಂತೆ ಕಟ್ಟಿದ, ಉಸಿರು ಎಲ್ಲಿ ಎಳೆಯಬೇಕೆಂದು ನಟನಿಗೆ ತಾನೇ ಹೇಳುವ ಮಾತುಗಳವು. ವಿಜಯಪುರದ ರಂಗಮಂದಿರಕ್ಕೆ ಇಂದು ಅವರ ಹೆಸರಿದೆ. ಪಿ.ಬಿ. ಧುತ್ತರಗಿಯವರ ‘ಸಂಪತ್ತಿಗೆ ಸವಾಲ್’ ಕಂಪನಿಗಳಿಂದ ಹೊರಟು 1974ರಲ್ಲಿ ರಾಜ್‌ಕುಮಾರ್ ಚಿತ್ರವಾಯಿತು. ಇಂದಿಗೂ ಉತ್ತರ ಕರ್ನಾಟಕದ ಹಳ್ಳಿಗಳ ಹಬ್ಬಗಳಲ್ಲಿ ಅದನ್ನು ಆಡುತ್ತಾರೆ.

ಪಗಾರ, ಊಟ, ಬೆನಿಫಿಟ್

ಕಲಾವಿದರನ್ನು ಕರೆತರುವುದು ಮುಂಗಡ ಕೊಟ್ಟು. ಮುಂಗಡ ತೀರುವವರೆಗೆ ಬಿಟ್ಟು ಹೋಗುವಂತಿಲ್ಲ. ಊಟ, ವಸತಿ ಕಂಪನಿಯದು. ಒಂದೇ ಒಲೆ, ಒಂದೇ ಪಂಕ್ತಿ. ಜಾತಿ ಕಟ್ಟುನಿಟ್ಟಾಗಿದ್ದ ಕಾಲದಲ್ಲೂ ಹಿಂದೂ ಮುಸ್ಲಿಂ ಕಲಾವಿದರು ಒಂದೇ ಬಣ್ಣದ ಕೋಣೆಯಲ್ಲಿ ವೇಷ ಕಟ್ಟಿಕೊಂಡರು. ಮಹಮ್ಮದ್ ಪೀರ್ ಅವರಂಥವರು ಸ್ವಂತ ಕಂಪನಿ ಕಟ್ಟಿ ಪೌರಾಣಿಕ, ಐತಿಹಾಸಿಕ ಪಾತ್ರಗಳಲ್ಲಿ ಜನಪ್ರಿಯರಾದರು.

ಕಲೆಕ್ಷನ್ ಬಿದ್ದಾಗ ಪಗಾರ ನಿಲ್ಲುತ್ತಿತ್ತು, ಊಟ ನಿಲ್ಲುತ್ತಿರಲಿಲ್ಲ. ಊಟವೂ ನಿಂತ ದಿನ ಕಂಪನಿ ಒಡೆಯಿತೆಂದೇ ಅರ್ಥ. ಕಲಾವಿದನ ಮನೆಯಲ್ಲಿ ಮದುವೆಯೋ ಕಾಯಿಲೆಯೋ ಬಂದರೆ ಅವನ ಹೆಸರಿನಲ್ಲಿ ಒಂದು ರಾತ್ರಿ ಬೆನಿಫಿಟ್ ನಾಟಕ ಆಡಿ, ಅಂದಿನ ಗಳಿಕೆಯನ್ನು ಅವನಿಗೆ ಕೊಡುವ ಪದ್ಧತಿ ಇತ್ತು. ಶಾಲೆ ಕಟ್ಟಡಕ್ಕೆ, ದೇವಸ್ಥಾನದ ಜೀರ್ಣೋದ್ಧಾರಕ್ಕೆ ಬೆನಿಫಿಟ್ ಕೊಟ್ಟು ಊರಿನ ವಿಶ್ವಾಸ ಗಳಿಸುತ್ತಿದ್ದರು. ಸಾಲ ಎಲ್ಲರಿಗೂ ಇತ್ತು. ಪರದೆಗಳನ್ನೂ ಪೋಷಾಕಿನ ಪೆಟ್ಟಿಗೆಗಳನ್ನೂ ಒತ್ತೆಯಿಟ್ಟು ಮುಂದಿನ ಕ್ಯಾಂಪಿಗೆ ಹೊರಟ ಮಾಲೀಕರು ಬಹಳ.

ಹೆಣ್ಣುಮಕ್ಕಳ ಕಂಪನಿಗಳು

ಸ್ತ್ರೀಪಾತ್ರವನ್ನೂ ಗಂಡಸರೇ ಮಾಡುತ್ತಿದ್ದ ಕಾಲದಲ್ಲಿ ಲಕ್ಷ್ಮೇಶ್ವರದ ಬಚ್ಚಾಸಾನಿ ಹೆಣ್ಣುಮಕ್ಕಳದೇ ಕಂಪನಿ ನಡೆಸಿದರು. ನಟಿಯಾಗಿ ದುಡಿಯುವುದಕ್ಕಿಂತ ಇದು ದೊಡ್ಡ ಹೆಜ್ಜೆ, ಏಕೆಂದರೆ ಗಲ್ಲಾದ ಕೀಲಿಯೂ ಅವರ ಸೊಂಟದಲ್ಲೇ ಇತ್ತು. ಮೈಸೂರಿನ ಆರ್. ನಾಗರತ್ನಮ್ಮ 1958ರಲ್ಲಿ ಸ್ತ್ರೀ ನಾಟಕ ಮಂಡಳಿ ಕಟ್ಟಿ ಕಂಸ, ರಾವಣ, ದುರ್ಯೋಧನರ ಪಾತ್ರಗಳನ್ನು ತಾವೇ ಮಾಡಿದರು. 2012ರಲ್ಲಿ ಅವರಿಗೆ ಪದ್ಮಶ್ರೀ ಬಂತು. ದಾವಣಗೆರೆಯ ಕೆ.ಬಿ.ಆರ್. ಡ್ರಾಮಾ ಕಂಪನಿಯನ್ನು ಚಿಂದೋಡಿ ಲೀಲಾ ನಾಯಕಿಯಾಗಿಯೂ ಒಡತಿಯಾಗಿಯೂ ನಡೆಸಿದರು. ಗುಬ್ಬಿ ವೀರಣ್ಣನವರ ಮೊಮ್ಮಗಳು ಬಿ. ಜಯಶ್ರೀ 1976ರಲ್ಲಿ ಸ್ಪಂದನ ತಂಡ ಕಟ್ಟಿ, ಕಂಪನಿಯಿಂದ ಬಂದ ಹಾಡು, ದನಿ, ಲಯವನ್ನು ಹೊಸ ರಂಗಭೂಮಿಗೆ ತಂದರು.

ಸಿನಿಮಾ ಬಂದ ಮೇಲೆ

ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ 1934ರಲ್ಲಿ ತೆರೆ ಕಂಡಾಗ ಅದರ ನಾಯಕ ಕಂಪನಿಯ ಎಂ.ವಿ. ಸುಬ್ಬಯ್ಯ ನಾಯ್ಡು. ಸಿನಿಮಾ ಕಂಪನಿಯ ನಟರನ್ನೂ ಕಥೆಗಳನ್ನೂ ಕೊಂಡೊಯ್ದಿತು, ಆಮೇಲೆ ಪ್ರೇಕ್ಷಕರನ್ನು. ಎಂಬತ್ತರ ದಶಕದಲ್ಲಿ ಟಿವಿ ಮನೆಗೆ ಬಂತು. ಉಳಿಯಲು ಹಲವು ಮಾಲೀಕರು ದ್ವಂದ್ವಾರ್ಥದ ಹಾಸ್ಯಕ್ಕೆ ಕೈ ಹಾಕಿದರು. ಅದು ಆ ಹೊತ್ತಿಗೆ ಹೌಸ್ ತುಂಬಿಸಿತಾದರೂ ಕುಟುಂಬ ಸಮೇತ ಬರುತ್ತಿದ್ದವರನ್ನು ದೂರ ಮಾಡಿತು. ವ್ಯವಹಾರದ ದೃಷ್ಟಿಯಿಂದಲೂ ಅದು ತಪ್ಪು ನಡೆ ಎಂದೇ ನನ್ನ ತಿಳಿವು: ಒಂದು ಟಿಕೆಟ್ ಉಳಿಸಿಕೊಳ್ಳಲು ಹೋಗಿ ಮನೆಮಂದಿಯ ಐದು ಟಿಕೆಟ್ ಕಳೆದುಕೊಂಡರು. 2020ರ ಲಾಕ್‌ಡೌನ್ ಜಾತ್ರೆಯ ಹಂಗಾಮನ್ನೇ ನುಂಗಿತು. ಥಿಯೇಟರು ಹಾಕಿದಲ್ಲೇ ಸಿಕ್ಕಿಬಿದ್ದ ಕಂಪನಿಗಳಿಗೆ ಊರಿನವರು ಅಕ್ಕಿ ಬೇಳೆ ಕೊಟ್ಟು ಸಲಹಿದರು.

ಟಿಕೆಟ್ಟಿನ ಅಪಾಯ ತಪ್ಪಿಸುವ ಬೇರೆ ದಾರಿಗಳೂ ಇದ್ದವು. ಹೆಗ್ಗೋಡಿನ ನೀನಾಸಂ 1985ರಲ್ಲಿ ಆರಂಭಿಸಿದ ತಿರುಗಾಟದಲ್ಲಿ ಊರಿನ ಸಂಘವೊಂದು ಇಡೀ ಪ್ರದರ್ಶನವನ್ನು ಕೊಳ್ಳುತ್ತದೆ, ಜನ ಸೇರಿಸುವ ಹೊಣೆ ಅವರದು. ಕರಾವಳಿಯ ಯಕ್ಷಗಾನ ಮೇಳಗಳಲ್ಲಿ ಡೇರೆ ಹಾಕಿ ಟಿಕೆಟ್ ಮಾರುವ ಮೇಳಗಳು ಕಷ್ಟ ಕಂಡವು. ಹರಕೆ ಆಟ ಆಡುವ ಕಟೀಲು, ಮಂದಾರ್ತಿಯಂಥ ಮೇಳಗಳಿಗೆ ಮಾತ್ರ ವರ್ಷಗಟ್ಟಲೆ ಮುಂಗಡ ಬುಕ್ಕಿಂಗ್. ಅಲ್ಲಿ ಆಟದ ಖರ್ಚು ಹರಕೆ ಹೊತ್ತವರದು, ನೋಡುವವರಿಗೆ ಪುಕ್ಕಟೆ.

ದುಡ್ಡು ಕೊಟ್ಟು ಪಾತ್ರ

ಕಂಪನಿಗಳು ಕಡಿಮೆಯಾದರೂ ಅವು ಹುಟ್ಟುಹಾಕಿದ ಕಸುಬುಗಳು ಜೀವಂತವಾಗಿವೆ, ಹಣ ಹರಿಯುವ ದಿಕ್ಕು ಮಾತ್ರ ತಿರುಗಿದೆ. ತುಮಕೂರು, ಮಂಡ್ಯ, ರಾಮನಗರ, ಬೆಂಗಳೂರು ಗ್ರಾಮಾಂತರದ ಹಳ್ಳಿಗಳಲ್ಲಿ ‘ಕುರುಕ್ಷೇತ್ರ’ ಆಡುವಾಗ ನಟರಿಗೆ ಸಂಬಳವಿಲ್ಲ, ನಟರೇ ದುಡ್ಡು ಹಾಕುತ್ತಾರೆ. ದುರ್ಯೋಧನ, ಕೃಷ್ಣ, ಭೀಮನ ಪಾತ್ರಗಳಿಗೆ ಹೆಚ್ಚು, ದ್ವಾರಪಾಲಕನಿಗೆ ಕಡಿಮೆ. ಹಾಗೆ ಕೂಡಿದ ಹಣದಲ್ಲಿ ತಿಂಗಳುಗಟ್ಟಲೆ ಮಟ್ಟು ಹೇಳಿಕೊಡುವ ಹಾರ್ಮೋನಿಯಂ ಮಾಸ್ಟರಿಗೆ ಸಂಭಾವನೆ, ಸೀನರಿಯವರಿಗೆ ಬಾಡಿಗೆ, ದ್ರೌಪದಿ-ಕುಂತಿಯರ ಪಾತ್ರಕ್ಕೆ ಹೊರಗಿನಿಂದ ಬರುವ ಕಲಾವಿದೆಯರಿಗೆ ಗೌರವಧನ.

ಸೀನರಿಯವರ ಗಾಡಿ ಮಧ್ಯಾಹ್ನ ಊರಿಗೆ ಬರುತ್ತದೆ. ಪರದೆ, ರಥ, ಕಿರೀಟ, ಗದೆ, ಲೈಟು, ಮೇಕಪ್ಪಿನವರು ಎಲ್ಲ ಒಂದೇ ಗುತ್ತಿಗೆಯಲ್ಲಿ. ಈ ಮಾಲೀಕರಲ್ಲಿ ಅನೇಕರು ಹಿಂದೆ ಕಂಪನಿಯಲ್ಲಿ ಪಾತ್ರ ಮಾಡಿದವರು ಅಥವಾ ಅಂಥವರ ಮಕ್ಕಳು. ಸಂಜೆ ಯಾರಾದರೂ ಪಾತ್ರಧಾರಿ ಹೆದರಿ ಕೈಕೊಟ್ಟರೆ, ಗಾಡಿಯಿಂದ ಗದೆ ಇಳಿಸುತ್ತಿದ್ದ ಸೀನರಿಯವರೇ ಬಣ್ಣ ಹಚ್ಚಿಕೊಂಡು ರಂಗಕ್ಕೆ ಇಳಿಯುವುದುಂಟು. ಮಾತು ಅವರಿಗೆ ಮೊದಲಿನಿಂದ ಕೊನೆಯವರೆಗೆ ಬಾಯಿಪಾಠ. ಹಬ್ಬದ ತಿಂಗಳುಗಳಲ್ಲಿ ಇವರ ದಿನಾಂಕ ಸಿಗುವುದು ಕಷ್ಟ, ಮುಂಗಡ ಕೊಟ್ಟೇ ಹಿಡಿಯಬೇಕು.